ಓದೋ ಅಕ್ಕನ ಕಿಟಕಿ

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಕಾನೂನಿನ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಕೊಡುವ ಹೆಂಗಸು ಅವಳು. ಕೇಳುವ ಮಕ್ಕಳೆಲ್ಲ ಅವಳನ್ನು ಕರೆಯುವುದು ‘ಓದೋ ಅಕ್ಕ’ ಎಂದು. ಅವಳ ಮುಖ ಹೇಗಿದೆ ಎಂದು ಅವರಿಗೆ ತಿಳಿಯದು. ಆದರೆ ಅಡಿಟಿಪ್ಪಣಿ ಬಂದಾಗ ಅವಳು ದನಿ ಎಷ್ಟು ತಗ್ಗಿಸುತ್ತಾಳೆ, ಉದ್ದನೆಯ ವಾಕ್ಯವನ್ನು ಎಲ್ಲಿ ಮುರಿದು ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಬಾಯಿಪಾಠ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದ ಮೇಲೆ ಈ ಕೆಲಸ ಹಿಡಿದಳು. ಸಂಬಳ ಇಲ್ಲ, ಸನ್ಮಾನವೂ ಇಲ್ಲ. ಆದರೂ ಒಂದು ಪದ ತೊದಲಿದರೆ ಪುಟದ ತಲೆಗೆ ಹೋಗಿ ಮತ್ತೆ ಓದುತ್ತಿದ್ದಳು. ಅಂಥ ಹಟಮಾರಿ.

ಅವಳ ನೆಮ್ಮದಿಗೆ ಕಲ್ಲು ಬಿದ್ದದ್ದು ಎದುರಿನ ಖಾಲಿ ಜಾಗದಲ್ಲಿ ಕಲ್ಲು ಕೊಯ್ಯುವ ಅಂಗಡಿ ಶುರುವಾದಾಗ. ಬೆಳಗಾದರೆ ಲಾರಿಗಳು, ಲಾರಿ ಹೋದರೆ ಗರಗಸ, ಗರಗಸ ನಿಂತರೆ ಮಾಲೀಕನ ಬೈಗುಳ. ನೆರೆಯವರಿಗೆ ಸದ್ದಿನಿಂದ ಕಿರುಕುಳ ಕೊಡುವುದು ಅಪರಾಧ ಎನ್ನುವ ಅಧ್ಯಾಯವನ್ನು ಅವಳು ಓದುತ್ತಿದ್ದಾಗಲೇ ಒಂದು ಚಪ್ಪಡಿ ಕಿರ್ರೆಂದು ಎರಡು ಹೋಳಾಯಿತು. ಆ ಸಾಲು ಓದಿ ಮುಗಿಸುವಷ್ಟರಲ್ಲಿ ಅವಳ ಪಿತ್ತ ನೆತ್ತಿಗೇರಿತ್ತು.

ಪುಸ್ತಕ ಹಂಚುವ ಕೇಂದ್ರದ ಮೇಡಂ ಫೋನ್ ಮಾಡಿದರು.

“ಅಕ್ಕ, ತಪ್ಪು ತಿಳ್ಕೋಬೇಡಿ. ಹೋದ ಪುಸ್ತಕದಲ್ಲಿ ನಿಮ್ಮ ಜೊತೆ ಲಾರಿಗಳೂ ಪಾಠ ಹೇಳ್ತಿವೆ. ಮಕ್ಕಳಿಗೆ ಪರೀಕ್ಷೆ ಹತ್ರ ಬಂತು. ಈ ಪುಸ್ತಕಾನೂ ಹಾಗೇ ಬಂದ್ರೆ ಬೇರೆಯವರ ಕೈಗೆ ಕೊಡಬೇಕಾಗತ್ತೆ.”

ಬೇರೆಯವರ ಕೈಗೆ. ಆ ಮಾತು ಅವಳ ಎದೆಗೆ ನಾಟಿತು. ನಗರಸಭೆಗೆ ದೂರು ಕೊಡಲು ಹೋದಳು. ಅಲ್ಲಿಯ ಅಧಿಕಾರಿ ತಲೆ ಎತ್ತದೆ, “ಈಗ ಒಳ್ಳೊಳ್ಳೆ ಕಿಟಕಿ ಬಂದಿವೆಯಮ್ಮ, ಹಾಕಿಸ್ಕೊಳ್ಳಿ,” ಎಂದ. ಸದ್ದು ಮಾಡುವವನು ಹಾಯಾಗಿರಲಿ, ಸದ್ದು ಕೇಳುವವಳು ಗೋಡೆ ಒಡೆಸಲಿ! ಇಂಥ ನ್ಯಾಯ ಯಾವ ಪುಸ್ತಕದಲ್ಲೂ ಇಲ್ಲ, ಅವಳು ಎಲ್ಲವನ್ನೂ ಓದಿದ್ದಳು. ಆದರೆ ಪರೀಕ್ಷೆ ಕಾಯುವುದಿಲ್ಲವಲ್ಲ. ಕಿಟಕಿ ಅಂಗಡಿಗೆ ಹೋಗಲೇಬೇಕಾಯಿತು.

ಗಂಡನೂ ಜೊತೆಗೆ ಬಂದರು. ಅಂಗಡಿಯವನಿಗೆ ಅಷ್ಟೇ ಸಾಕಿತ್ತು, ಓದೋ ಅಕ್ಕ ಅಲ್ಲಿದ್ದಾಳೆ ಎಂಬುದನ್ನೇ ಮರೆತ. ಅವಳು ಕೇಳಿದ ಪ್ರಶ್ನೆಗೂ ಉತ್ತರ ಗಂಡನಿಗೇ. ಒಂದು ಪೆಟ್ಟಿಗೆಯೊಳಗೆ ಹಾರ್ನ್ ಕೂಗಿಸಿ, ಅದರ ಗಾಜಿನ ಬಾಗಿಲನ್ನು ಒತ್ತಿ ಮುಚ್ಚಿ, “ನೋಡಿ ಸರ್, ಸೊಲ್ಲೇ ಇಲ್ಲ,” ಎಂದು ಹಲ್ಲು ಕಿರಿದ.

“ಚೆನ್ನಾಗಿದೆ,” ಎಂದರು ಗಂಡ. “ನಮಗೆ ಸ್ಲೈಡಿಂಗ್ ಹಾಕಿಕೊಡಿ. ಕಿಟಕಿಯಾಚೆ ಬಾಲ್ಕನಿಯಲ್ಲಿ ನನ್ನ ವ್ಯಾಯಾಮದ ಸೈಕಲ್ ಇದೆ. ಹೊರಕ್ಕೆ ತೆರೆಯೋ ಕಿಟಕಿಯಾದ್ರೆ ಅದಕ್ಕೆ ತಗಲತ್ತೆ.”

ಆ ಸೈಕಲ್ ಮೇಲೆ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಒದ್ದೆ ಟವೆಲ್ಲುಗಳು ಮಾತ್ರ ದಿನವೂ ವ್ಯಾಯಾಮ ಮಾಡುತ್ತಿದ್ದವು.

“ಈ ಪೆಟ್ಟಿಗೆಗೆ ಸ್ಲೈಡಿಂಗ್ ಬಾಗಿಲು ಹಾಕಿ ತೋರಿಸಿ,” ಎಂದಳು ಓದೋ ಅಕ್ಕ.

“ಅದರ ಡೆಮೊ ಇಲ್ಲ, ಮೇಡಂ.”

“ಯಾಕಿಲ್ಲ?”

ಅಂಗಡಿಯವನು ಗಂಡನ ಮುಖ ನೋಡಿದ. ಅವಳು ಎದ್ದು, ಪ್ರದರ್ಶನಕ್ಕೆಂದು ರಸ್ತೆ ಕಡೆಯ ಗೋಡೆಗೆ ಕೂರಿಸಿದ್ದ ಸ್ಲೈಡಿಂಗ್ ಕಿಟಕಿಯನ್ನು ಎಳೆದು ಮುಚ್ಚಿದಳು. ಅದರ ಎರಡು ಕದಗಳು ಸೇರುವ ಕಡೆ ಕೂದಲಿನ ಬ್ರಷ್ಷಿನಂಥದೊಂದು ಪಟ್ಟಿ ಇತ್ತು. ಅದರ ಸಂದಿಗೆ ಅಂಗೈ ಹಿಡಿದಳು. ರಸ್ತೆಯ ಗಾಳಿ ತಣ್ಣಗೆ ತಾಗಿತು.

“ಗಾಳಿ ಬರೋ ದಾರೀಲಿ ಸದ್ದು ಬರಲ್ವಾ? ನನಗೆ ಸುತ್ತ ರಬ್ಬರ್ ಇರೋ, ಒತ್ತಿ ಮುಚ್ಚೋ ಕಿಟಕಿ ಬೇಕು. ಎರಡು ಗಾಜು, ನಡುವೆ ಜಾಗ. ಸೈಕಲ್ ಬೇಕಾದ್ರೆ ತಾರಸಿಗೆ ಹೋಗ್ಲಿ.”

“ಎಲ್ಲಾದಕ್ಕೂ ನಿಂದೊಂದು,” ಎಂದು ಗಂಡ ಗೊಣಗಿದರು. “ಏನು ರೇಡಿಯೋ ಸ್ಟೇಷನ್ನಾ ನಮ್ಮನೆ?”

ಅವಳು ಪಟ್ಟು ಬಿಡಲಿಲ್ಲ. ಮನೆ ಕಟ್ಟಿಸಿದಾಗ ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಬೇಕೆಂದು ಸಹ ಅವಳನ್ನು ಕೇಳಿದವರಿರಲಿಲ್ಲ. ಈ ಒಂದು ಕಿಟಕಿಯಾದರೂ ಅವಳು ಹೇಳಿದಂತೆ ಆಗಬೇಕಿತ್ತು. ಆಯಿತು ಕೂಡ.

ಕೆಲಸದವರು ಬಂದು ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಚೌಕಟ್ಟಿನ ಸುತ್ತಲಿನ ಸಂದಿಗೆ ಗಟ್ಟಿಯಾಗುವ ನೊರೆ ತುಂಬಿ ಹೋದರು. ಓದೋ ಅಕ್ಕ ಕಿಟಕಿ ಮುಚ್ಚಿ ಅದರ ಹಿಡಿಯನ್ನು ಕೆಳಕ್ಕೆ ತಿರುಗಿಸಿದಳು. ಎದುರಿಗೆ ಗರಗಸ ತಿರುಗುತ್ತಿತ್ತು, ಧೂಳೂ ಏಳುತ್ತಿತ್ತು, ಆದರೆ ಸದ್ದು ಅಲ್ಲೇ ಉಳಿಯಿತು. ಅವಳಿಗೆ ಅಳು ಬಂದಂತಾಯಿತು. ಕೂಡಲೇ ಪುಸ್ತಕ ತೆರೆದು, ಕೋಣೆಯ ಬಾಗಿಲು ಮುಂದೆ ಮಾಡಿ, ಒಂದು ಅಧ್ಯಾಯ ಪೂರ್ತಿ ಓದಿದಳು. ಎಷ್ಟೋ ತಿಂಗಳ ಮೇಲೆ ಗಂಟಲು ಹರಿದುಕೊಳ್ಳದೆ ಓದಿದ್ದಳು.

ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳತೊಡಗಿದಳು. ಲಾರಿ ಇಲ್ಲ. ಗರಗಸ ಇಲ್ಲ. ತನ್ನ ದನಿ, ಪುಟ ಮಗುಚುವ ಸದ್ದು. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಜಾರದಿಂದ ಗಂಡನ ದನಿ ಕೇಳಿತು. ಫೋನಿನಲ್ಲಿ ತಮ್ಮನ ಹತ್ತಿರ ಮಾತಾಡುತ್ತಿದ್ದರು.

“ಇನ್ನೇನೋ, ಒಳಗೆ ಕೂತು ಒದರ್ತಾ ಇದ್ದಾಳೆ ನಿಮ್ಮತ್ತಿಗೆ. ಯಾರು ಕೇಳ್ತಾರೋ ದೇವರಿಗೇ ಗೊತ್ತು. ಹೊತ್ತು ಹೋಗಬೇಕಲ್ಲ ಪಾಪ, ಒದರಿಕೊಳ್ಳಲಿ ಅಂತ ಬಿಟ್ಟಿದೀನಿ.” ಆಮೇಲೆ ನಗು.

ಅವಳು ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಪದ ಪದವೂ ಸ್ಪಷ್ಟ. ದನಿಯಲ್ಲಿ ಸಿಟ್ಟಿರಲಿಲ್ಲ, ಹೊಸತನವೂ ಇರಲಿಲ್ಲ. ಹಲವು ಸಲ ಹೇಳಿ ಹೇಳಿ ನಯವಾದ ಮಾತು ಅದು. ಎಷ್ಟು ತಿಂಗಳಿಂದ ಹೇಳುತ್ತಿದ್ದರೋ, ಆ ದರಿದ್ರ ಲಾರಿಗಳು ಅದನ್ನು ಅವಳ ಕಿವಿಗೆ ಬೀಳದಂತೆ ತಡೆದಿದ್ದವು. ಮೈಯೆಲ್ಲ ಹೊತ್ತಿ ಉರಿಯಿತು. ಕಲ್ಲು ಕೊಯ್ಯುವವನು ಹೊಟ್ಟೆಪಾಡಿಗೆ ಸದ್ದು ಮಾಡುತ್ತಾನೆ. ಇವರು ಯಾವ ಪಾಡಿಗೆ?

“ರೀ, ಇಲ್ಲಿ ಬನ್ನಿ.”

ಗಂಡ ಬಂದರು. ಅವಳು ರೆಕಾರ್ಡಿಂಗನ್ನು ಸ್ವಲ್ಪ ಹಿಂದಿನಿಂದ ಹಚ್ಚಿ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದಳು.

“ಅಬ್ಬ, ಲಾರಿ ಸದ್ದೇ ಇಲ್ವಲ್ಲೇ,” ಎಂದು ಅವರ ಮುಖ ಅರಳಿತು. “ಒಳ್ಳೇ ಕಿಟಕಿ. ನಾನು ಆವತ್ತೇ...” ಅಷ್ಟರಲ್ಲಿ ಆ ಜಾಗ ಬಂತು. ಅರಳಿದ ಮುಖ ಹಾಗೇ ಸಪ್ಪಗಾಯಿತು. ನಿಧಾನವಾಗಿ ಹೆಡ್‌ಫೋನ್ ತೆಗೆದರು.

“ಅದು... ಸುಮ್ನೆ ಮಾತಿಗೆ ಹೇಳಿದ್ದು.”

“ಕಣ್ಣು ಕಾಣದ ಮಕ್ಕಳು ಪರೀಕ್ಷೆಗೆ ಓದ್ಕೊಳ್ಳೋದು ಇದನ್ನ. ಅವರಿಗೂ ಕೇಳಿಸ್ಲಾ ನಿಮ್ಮ ಸುಮ್ನೆ ಮಾತು?”

ಅವರು ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು.

“ಇಡೀ ಅಧ್ಯಾಯ ಮತ್ತೆ ಓದಬೇಕು. ನೀವು ಫೋನ್ ತಗೊಂಡು ಆಚೆ ಹೋಗಿ.”

“ಆಚೆ ಅಂದ್ರೆ? ಬಾಲ್ಕನಿಗಾ?”

“ರಸ್ತೆಗೆ. ಇನ್ಮೇಲೆ ದಿನಾನೂ ಅಷ್ಟೇ. ನಾನು ಓದೋವಾಗ ನೀವು ಅಲ್ಲಿರಿ.”

ಏನಾದರೂ ಹೇಳಬೇಕೆಂದು ಬಾಯಿ ತೆರೆದವರು, ಅವಳ ಮುಖ ನೋಡಿ ಚಪ್ಪಲಿ ಮೆಟ್ಟಿದರು. ಸ್ವಲ್ಪ ಹೊತ್ತಿಗೆ ಅವರು ಕೆಳಗೆ ಕಾಣಿಸಿಕೊಂಡರು. ಕಲ್ಲಿನ ಧೂಳಿನಲ್ಲಿ, ಹಿಂದಕ್ಕೆ ಬರುತ್ತಿದ್ದ ಲಾರಿಯೊಂದಕ್ಕೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡು ನಿಂತರು. ಕತ್ತೆತ್ತಿ ಕಿಟಕಿಯತ್ತ ಏನೋ ಕೂಗಿದರು. ಕೈ ಜೋಡಿಸಿದಂತೆಯೂ ಇತ್ತು, ಬೈದಂತೆಯೂ ಇತ್ತು. ಒಳಗೆ ಒಂದಕ್ಷರವೂ ಕೇಳಲಿಲ್ಲ. ಓದೋ ಅಕ್ಕ ರೆಕಾರ್ಡಿಂಗ್ ಗುಂಡಿ ಒತ್ತಿ, ಅಧ್ಯಾಯವನ್ನು ಮೊದಲಿನಿಂದ ಓದಲು ಶುರು ಮಾಡಿದಳು.