ಹೊಲಿಗೆಯೆಂಬ ಸುಳ್ಳು

ಅರ್ಧವಾರ್ಷಿಕ ಪರೀಕ್ಷೆಯ ನನ್ನ ರಸಾಯನಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಹೆಸರನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಖಾಲಿ ಹಾಳೆಗೂ ಒಂದು ಭಾಷೆಯಿದೆ, ಗೆಳೆಯರೇ, ಓದಬಲ್ಲವರು ಅಪರೂಪ. ಮನೆಯಲ್ಲಿ ತುಳು ಮಾತಾಡಿ, ಹೈಸ್ಕೂಲಿನವರೆಗೆ ಕನ್ನಡದಲ್ಲಿ ಕಲಿತು, ಬಂಟ್ವಾಳದಿಂದ ದಿನವೂ ಬಸ್ಸಿನಲ್ಲಿ ಮಂಗಳೂರಿನ ಕಾಲೇಜಿಗೆ ಹೋಗುತ್ತಿದ್ದ ನನಗೆ ಅಲ್ಲಿಯ ಇಂಗ್ಲಿಷ್ ಪಾಠಗಳು ನೇತ್ರಾವತಿಯ ಆಚೆ ದಡದಿಂದ ಯಾರೋ ಕೂಗಿದಂತೆ, ದನಿ ಕೇಳಿಸಿಯೂ ಅರ್ಥ ತಲುಪದೆ ಉಳಿಯುತ್ತಿದ್ದವು. ಪಕ್ಕದಲ್ಲಿ ಕೂರುತ್ತಿದ್ದ ಸುಮತಿಯ ಪಾಡೂ ಅದೇ. ಬೆಳ್ತಂಗಡಿಯ ಅವಳು ಓದಿಗೆಂದು ಬಂಟ್ವಾಳದ ಚಿಕ್ಕಮ್ಮನ ಮನೆಯಲ್ಲಿದ್ದಳು. ಫೇಲಾದರೆ ಓದು ಅಲ್ಲಿಗೆ ಮುಗಿಯಿತು ಎಂದು ಇಬ್ಬರ ಮನೆಯಲ್ಲೂ ಹೇಳಿದ್ದರು.

ಪಾಠ ಹೇಳುತ್ತಿದ್ದ ಭಾಗೀರಥಿ ಟೀಚರ್ ನನ್ನೊಬ್ಬಳನ್ನೇ ಕರೆದು ಕೇಳಿದರು: “ನಿನಗೆ ಗೊತ್ತಿಲ್ಲವೋ, ಹೇಳಲಿಕ್ಕೆ ಬರುವುದಿಲ್ಲವೋ?”

ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ. ಅತ್ತುಬಿಟ್ಟೆ.

“ಶನಿವಾರ ಮಧ್ಯಾಹ್ನ ಮನೆಗೆ ಬಾ. ಮೊದಲು ತುಳುವಿನಲ್ಲಿ ಹೇಳು, ಇಂಗ್ಲಿಷ್ ಆಮೇಲೆ ನೋಡುವ. ನಿನ್ನ ಹಾಗೆ ಬೇರೆ ಯಾರಾದರೂ ಇದ್ದರೆ ಕರೆದುಕೊಂಡು ಬಾ.”

ಬಂಟ್ವಾಳದಲ್ಲೇ ಇದ್ದ ಅವರ ಮನೆಗೆ ಹೋದೆ, ಒಬ್ಬಳೇ ಹೋದೆ. ನೆರವು ಪಡೆಯುವುದೆಂದರೆ ದಡ್ಡಿಯೆಂದು ಒಪ್ಪಿಕೊಂಡಂತೆ ಎಂಬ ನಾಚಿಕೆ. ಎಲ್ಲಿಗೆ ಹೋಗುತ್ತೀ ಎಂದು ಸುಮತಿ ಕೇಳಿದಾಗ “ಹೊಲಿಗೆ ಕಲಿಯಲಿಕ್ಕೆ” ಎಂದುಬಿಟ್ಟೆ. ಟೀಚರ ಜಗಲಿಯಲ್ಲಿ ಗಂಜಿಯ ಆವಿಯನ್ನೂ ಉಪ್ಪಿನ ಭರಣಿಯ ತೇವವನ್ನೂ ತುಳುವಿನಲ್ಲಿ ವಿವರಿಸುತ್ತ, ಆ ಅರಿವಿಗೇ ಒಂದೊಂದಾಗಿ ಇಂಗ್ಲಿಷ್ ಪದಗಳನ್ನು ಹೊಂದಿಸುತ್ತ ಹೋದಂತೆ, ನಾನು ದಡ್ಡಿಯಲ್ಲವೆಂದು ನನಗೇ ತಿಳಿಯಿತು. ಸುಮತಿಗೆ ಮಾತ್ರ ತಾನೂ ದಡ್ಡಿಯಲ್ಲವೆಂದು ತಿಳಿಯಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ನಾನು ಪಾಸಾದೆ, ಅವಳು ಆಗಲಿಲ್ಲ. ಊರಿಗೆ ಹೊರಟ ದಿನ, “ನಿನಗೆ ಒಳ್ಳೆಯ ತಲೆ ಉಂಟು ಮಾರಾಯ್ತಿ” ಎಂದಳು. ಆ ಹೊಗಳಿಕೆಯನ್ನೂ ನಾನು ಸುಮ್ಮನೆ ಇಟ್ಟುಕೊಂಡೆ.

ಕೆಲವು ವರ್ಷಗಳ ನಂತರ ಬೆಳ್ತಂಗಡಿಯ ಒಂದು ಮದುವೆಯಲ್ಲಿ ಸಿಕ್ಕಳು. ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಮಗುವಿನ ಬಾಯಿ ಒರೆಸುತ್ತಲೇ ಅವಳೆಂದಳು: “ಗೊತ್ತಿತ್ತು. ಚಿಕ್ಕಮ್ಮನ ಮನೆಯಿಂದ ಟೀಚರ ಜಗಲಿ ಕಾಣ್ತದಲ್ಲ. ನೀನು ಕರೆದರೆ ಬರುವ ಅಂತ ಇದ್ದೆ.”

ಆ ಮಾತಿನಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಹೊರಲು ಹಗುರವಾಗುತ್ತಿತ್ತು. ಒಂದೇ ನಾಚಿಕೆ ನನ್ನ ಬಾಯನ್ನೂ ಅವಳ ಕಾಲನ್ನೂ ಕಟ್ಟಿತ್ತು. ಆದರೆ ಕರೆಯುವ ಸರದಿ ನನ್ನದಾಗಿತ್ತು.

ಮೂಡುಬಿದಿರೆಯಲ್ಲಿ ನಾನೇ ಕಾಲೇಜಿನ ಮಕ್ಕಳಿಗೆ ಪಾಠ ಹೇಳತೊಡಗಿದಾಗ ಮೊದಲ ದಿನವೇ ಎಲ್ಲರ ಎದುರು ಹೇಳಿದೆ: “ನಾನೂ ಒಮ್ಮೆ ಖಾಲಿ ಹಾಳೆ ಕೊಟ್ಟವಳು. ಶನಿವಾರ ಮಧ್ಯಾಹ್ನ ಇಲ್ಲೇ ಇರ್ತೇನೆ, ಬನ್ನಿ.” ನಾಲ್ಕೈದು ಮಂದಿ ಬಂದರು. ಬಾರದೇ ಉಳಿದವರಲ್ಲಿ ಪದ್ಮಾವತಿ ಎಂಬವಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿಯೇ ಕೂರುತ್ತಿದ್ದಳು. ಅವಳ ಬಳಿಗೇ ಹೋಗಿ, “ನೀನೂ ಬಾ” ಎಂದೆ. ಆ ಶನಿವಾರ ಅವಳು ಬರಲಿಲ್ಲ. ಮುಂದಿನ ವಾರವೂ ಕರೆದೆ.

ಮೂರನೆಯ ಶನಿವಾರ ಬಂದು ಬಾಗಿಲಲ್ಲಿ ನಿಂತಳು. ಇನ್ನೊಬ್ಬ ಹುಡುಗಿಯ ಕೈ ಹಿಡಿದಿದ್ದಳು.

“ಇವಳಿಗೂ ಅರ್ಥ ಆಗುವುದಿಲ್ಲ ಟೀಚರ್,” ಎಂದಳು. “ಕರೆದುಕೊಂಡು ಬಂದೆ.”