ಪರದೆ ಸರಿಸಿ ಬಂದವಳು

ನನ್ನ ಅಕ್ಕ ಸಣ್ಣಮ್ಮ ಹಾಡುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ಎದುರಿಗೆ ಕೂತವರಲ್ಲಿ ತನಗೆ ಆಗದವರು ಯಾರಿದ್ದಾರೆಂದು ಹುಡುಕಿ, ಅವರನ್ನೇ ನೋಡುತ್ತ ಹಾಡುತ್ತಿದ್ದಳು. ಯಾಕೆಂದು ಕೇಳಿದರೆ, "ಬೇಕಾದೋರು ಎಂಗೂ ಕೇಳ್ತಾರೆ ಕಣ್ಲಾ, ಆಗ್ದೋರಿಗೆ ಕೇಳುಸ್ಬೇಕು" ಅನ್ನುತ್ತಿದ್ದಳು.

ಮಳವಳ್ಳಿ ಕಡೆಯ ನಮ್ಮೂರಿನ ಮದುವೆಗಳಲ್ಲಿ ಸೋಬಾನೆ ಹಾಡಿಕೊಂಡಿದ್ದವಳನ್ನು ಮದ್ದೂರಿನ ಆರ್ಕೆಸ್ಟ್ರಾ ಮಾಲೀಕ ಕೆಂಪರಾಜು ಕರೆದೊಯ್ದ. ಅಕ್ಕನ ಕೆನ್ನೆಯಲ್ಲಿ ಸುಟ್ಟ ಕಲೆಯಿತ್ತು. ಅದಕ್ಕೇ ಅವಳಿಗೆ ಪರದೆ ಹಿಂದೆ ಮೈಕು ಕೊಟ್ಟು, ಮುಂದೆ ಮಿಂಚಿನ ಸೀರೆಯ ಬೆಳ್ಳನೆಯ ಹುಡುಗಿಯನ್ನು ನಿಲ್ಲಿಸಿ ತುಟಿ ಆಡಿಸಲು ಹೇಳಿದ. ವರ್ಷಗಟ್ಟಲೆ ಜನ ಹೊಗಳಿದ್ದು ಆ ಹುಡುಗಿಯ ಕಂಠವನ್ನು.

ಒಂದು ಆರತಕ್ಷತೆಯಲ್ಲಿ ಅಕ್ಕ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ಮುಂದೆ ಹುಡುಗಿಯ ತುಟಿ ಆಡುತ್ತಲೇ ಇತ್ತು. ಜನ ಬಿದ್ದು ಬಿದ್ದು ನಕ್ಕರು.

ಕೆಂಪರಾಜು ಓಡಿಬಂದ. "ಆಡಮ್ಮೀ, ಮರ್ವಾದೆ ಓಯ್ತದೆ!"

"ಯಾರ್ದು?" ಎಂದಳು ಅಕ್ಕ. ಪರದೆ ಸರಿಸಿ, ಎಲೆಯಡಿಕೆ ಜಗಿಯುತ್ತಲೇ ಮುಂದೆ ಬಂದು, ಬಿಟ್ಟಲ್ಲಿಂದ ಹಾಡಿ ಮುಗಿಸಿದಳು.

ಆಮೇಲೆ ಸ್ವಂತ ತಂಡ ಕಟ್ಟಿದಳು. ಮಂಡ್ಯ ಸುತ್ತಲಿನವರು ಅವಳ ಬಿಡುವು ಕೇಳಿಕೊಂಡು ಆರತಕ್ಷತೆ ಗೊತ್ತುಮಾಡುವಂತಾಯಿತು. ಅವಳಿಗೆ ಅಷ್ಟು ಸಾಲಲಿಲ್ಲ. ಆರ್ಕೆಸ್ಟ್ರಾ ಮುಚ್ಚಿಹೋಗಿ ಕೆಂಪರಾಜು ಕೆಲಸ ಕೇಳಿಕೊಂಡು ಬಂದಾಗ ನಗುತ್ತ ಹೇಳಿದಳು: "ಬನ್ನಿ ಯಜಮಾನ್ರೇ, ಪರ್ದೆ ಇಂದೆ ಜಾಗ ಅದೆ."

ಕಡೆಗೆ ಮಂಡ್ಯದ ಆಸ್ಪತ್ರೆಯಲ್ಲಿ ಅವಳಿಗೆ ದನಿಯೇ ಇರಲಿಲ್ಲ. ಮೂಸಂಬಿ ಹಿಡಿದು ಕೆಂಪರಾಜು ಬಾಗಿಲಿಗೆ ಬಂದಿದ್ದಾನೆಂದೆ. ನನ್ನ ಕಿವಿ ಹತ್ತಿರಕ್ಕೆ ಎಳೆದುಕೊಂಡು ಬರೀ ಉಸಿರಲ್ಲೇ ಹೇಳಿದಳು: "ಒಳಿಕ್ ಬುಡ್ಬ್ಯಾಡ. ನಾನ್ ಸತ್ಮೇಲೂ ಬತ್ತಾನೆ. ಆಗ್ಲೂವೆ ಬುಡ್ಬ್ಯಾಡ."

ಬಂದೇ ಬಂದ. ತಿಥಿಯ ದಿನ ಬೆಳಿಗ್ಗೆ ನಮ್ಮ ಬೀದಿಗೆ ಆಳೆತ್ತರದ ಶ್ರದ್ಧಾಂಜಲಿ ಫ್ಲೆಕ್ಸು ಕಟ್ಟಿಸಿದ್ದ. 'ನಾನು ಬೆಳೆಸಿದ ಕೋಗಿಲೆ' ಎಂಬ ಅಕ್ಷರ. ನಡುವೆ ಕೈಮುಗಿದು ನಿಂತ ಅವನು. ಮೂಲೆಯಲ್ಲಿ ಅಂಗೈಯಗಲ ಅಕ್ಕ, ಅದೂ ಕಲೆ ಅಳಿಸಿದ ಮುಖ.

"ಸತ್ತಿರೋದ್ಯಾರ್ಲಾ, ಇವ್ನಾ?" ಎಂದು ಪಕ್ಕದ ಮನೆಯ ಮಾದಣ್ಣ ಕೇಳಿದ.

ನಾನು ಜಗಳ ಆಡುವವನಲ್ಲ. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ತಲೆ ತಗ್ಗಿಸಿ ದುಡಿಯುವವನು. ಒಳಗಿಂದ ಕುಡುಗೋಲು ತಂದು ಫ್ಲೆಕ್ಸು ಕೊಯ್ದು ಕೆಡವಿದೆ. ಅದೇ ಗಳಕ್ಕೆ ನಮ್ಮ ಗೋಡೆಯ ಮೇಲಿದ್ದ, ಕಲೆ ಕಾಣುವ ಅಕ್ಕನ ಪಟ ಕಟ್ಟಿದೆ. ಊಟದ ಹೊತ್ತಿಗೆ ಕೆಂಪರಾಜು ಹಾರ ಹಿಡಿದು ಬಂದು ಅದರ ಮುಂದೆಯೇ ನಿಂತ.

"ಯಾರ್ಲಾ ಕೊಯ್ದೋನು?"

"ನಾನೇ ಕಣಣ್ಣ," ಎಂದೆ. "ವಸಿ ಪಕ್ಕಕ್ ಸರಿ. ನಮ್ಮಕ್ಕ ಕಾಣ್ಬೇಕು."