ನಳದ ಮುಂದಿನ ಸ್ತೋತ್ರ

"ನಿನ್ನ ಬಸ್ಸು, ನನ್ನ ನೀರು ಎರಡೂ ಏಳಕ್ಕ ಬರ್ತಾವ. ಎರಡನ್ನೂ ಹಿಡಿಯೂದು ನಿನ್ನ ಕೈಲಿ ಆಗೂದಿಲ್ಲ ಬಿಡು. ಡಿಗ್ರಿ ಗಿಗ್ರಿ ನಮ್ಮ ಮನ್ಯಾಗ ಆಗೂ ಮಾತಲ್ಲ" ಎಂದವನು ನನ್ನ ಸೋದರಮಾವ. ಯಲಬುರ್ಗಾ ಕಡೆಯ ನಮ್ಮೂರಿಗೆ ನೀರು ಬಿಡುವವನು ಅವನೇ. ವಾಲ್ವ್ ತಿರುವುವ ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟು ನಡೆದನೆಂದರೆ ಊರೇ ಅವನದು.

"ಸ್ವಲ್ಪ ತಡಾ ಮಾಡಿ ಬಿಡೋ ಮಾವ" ಎಂದು ಕೇಳಿದೆ.

"ಒಬ್ಬಾಕಿ ಸಲುವಾಗಿ ಊರ ನೀರು ತಡೀತೈತೇನು?" ಎಂದು ಹೊರಟೇಹೋದ.

ನೀರು ದಿನಾ ಬರುತ್ತಿರಲಿಲ್ಲ. ಬಂದ ದಿನ ಹಿಡಿಯದಿದ್ದರೆ ಮತ್ತೆ ಮೂರು ನಾಲ್ಕು ದಿನ ಇಲ್ಲ. ಅವ್ವ ನಸುಕಿನಲ್ಲೇ ಕೂಲಿಗೆ ಹೋಗುತ್ತಿದ್ದಳು, ಹಾಗಾಗಿ ಕೊಡಗಳು ನನ್ನ ಪಾಲು. ಅದರ ಮೇಲೆ ಅವ್ವನದೊಂದು ಕಟ್ಟಳೆ: ಮೊದಲ ಕೊಡ ತುಂಬಿದಾಗ ಬಾಯಿಬಿಟ್ಟು "ಸ್ತೋತ್ರ ಯೇಸಪ್ಪ" ಅನ್ನಬೇಕು. ಮನಸ್ಸಿನಲ್ಲಿ ಅಂದರೆ ನಡೆಯದು. "ಯೇಸಪ್ಪಗೂ ಒಮ್ಮೆ ನೀರಡಿಕಿ ಆಗಿತ್ತು. ಬಾವಿಗೆ ಬಂದ ಹೆಣ್ಮಗಳನ್ನ ನೀರು ಕೇಳಿದ್ದ. ಆತಗ ನೀರಿನ ಕಿಮ್ಮತ್ತು ಗೊತ್ತೈತಿ. ನಮಗೂ ಗೊತ್ತೈತಿ ಅಂತ ಆತಗ ಕೇಳಿಸಬೇಕು" ಅನ್ನುತ್ತಿದ್ದಳು.

ನಮ್ಮ ಓಣಿಯಲ್ಲಿ ಚರ್ಚಿಗೆ ಹೋಗುವುದು ನಮ್ಮ ಮನೆಯೊಂದೇ. ಹೀಗಾಗಿ ನಳದ ಮುಂದಿನ ಹೆಂಗಸರಿಗೆ ನನ್ನ ಹೆಸರೇ ಮರೆತುಹೋಯಿತು. "ಸ್ತೋತ್ರ ಬಂದ್ಲು, ಸರೀರಿ!" "ಏ ಸ್ತೋತ್ರ, ನಿಮ್ಮ ಯೇಸಪ್ಪಗ ಹೇಳಿ ಪ್ರೆಶರ್ ಜಾಸ್ತಿ ಮಾಡ್ಸವಾ!" ಬಾಜು ಮನೆಯ ಸಾಬರ ಚಾಚಿ, "ನಗಬ್ಯಾಡ್ರಿ, ನಾನೂ ಬಿಸ್ಮಿಲ್ಲಾ ಅಂದ ಕುಡಿಯೂದು" ಎಂದು ಬೈದು, ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಕೊಪ್ಪಳದ ಕಾಲೇಜಿಗೂ ಆ ರೂಢಿ ನನ್ನ ಬೆನ್ನು ಹತ್ತಿ ಬಂತು. ಕುಡಿಯುವ ನೀರಿನ ನಳ ತಿರುವಿದೊಡನೆ ಬಾಯಿಂದ ಬಂದೇಬಿಡುತ್ತಿತ್ತು. ಗಂಗಾವತಿಯ ಗೆಳತಿಗೆ ನಗೆ. "ನಮ್ಮ ಕಡೆ ಕಾಲುವಿ ತುಂಬ ನೀರು. ಹಂಗ ಅನ್ಕೊಂತ ನಿಂತ್ರ ದಿನಾ ಪೂರಾ ಬೇಕು!"

"ಒಮ್ಮೆ ಅಂದು ನೋಡು. ರುಚಿ ಆಕ್ಕತಿ."

ಅಂದಳು, ಕುಡಿದಳು. ಲೋಟವನ್ನೊಮ್ಮೆ ನೋಡಿ ಇನ್ನೊಂದು ಲೋಟ ಹಿಡಿದಳು.

ನೀರು ಬಂದ ದಿನ ಬಸ್ಸು ತಪ್ಪುತ್ತಿತ್ತು. ಆಮೇಲೆ ಬರುವ ಟಂಟಂ ಆಟೋದಲ್ಲಿ ಇರುಕಿಕೊಂಡು ಹೋಗಿ ಮೊದಲ ಪಿರಿಯಡ್ ಕಳೆದುಕೊಳ್ಳುತ್ತಿದ್ದೆ. ಆದರೆ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ತಡವಾದರೆ ಒಳಗೇ ಬಿಡುವುದಿಲ್ಲ. ಬಿಡದಿದ್ದರೆ ಡಿಗ್ರಿ ಇಲ್ಲ. ಅಂದೇ ಬರಬೇಕೇ ನೀರು! ಮನೆಯಲ್ಲಿ ಒಂದು ಚರಿಗೆ ನೀರೂ ಇಲ್ಲ. ಸಂಜೆ ಅವ್ವ ಬಿಸಿಲಿಂದ ಬಂದರೆ ಕುಡಿಯಲು ಏನು?

ಪಾಳಿಯಲ್ಲಿ ನಿಂತೆ. ನನ್ನ ಕೊಡ ಅರ್ಧವೂ ತುಂಬಿರಲಿಲ್ಲ, ಊರ ಅಗಸಿ ಬಾಗಿಲ ಹತ್ತಿರ ಬಸ್ಸಿನ ಹಾರ್ನ್! ಕೊಡ ನೋಡಿದೆ, ಬಸ್ಸಿನ ಕಡೆ ನೋಡಿದೆ. ಕಾಲು ಕೀಳಲಿಲ್ಲ.

"ಏ ಸ್ತೋತ್ರ, ಓಡು! ನಿನ್ನ ಕೊಡ ನಾವು ಮನಿಗೆ ಮುಟ್ಟಸ್ತೀವಿ" ಎಂದು ಚಾಚಿ ಕೂಗಿದಳು.

"ಮೊದಲ್ನೇ ಕೊಡ ಇನ್ನಾ ತುಂಬಿಲ್ಲ ಚಾಚಿ, ಅದನ್ನ ಅನ್ನಬೇಕಲ್ಲ..."

"ಅದನ್ನೂ ನಾವ ಅಂತೀವಿ, ಓಡ ನಮ್ಮವ್ವಾ!"

ಓಡಿದೆ. ಚಪ್ಪಲಿ ಕೈಯಲ್ಲಿ, ಬ್ಯಾಗು ಬೆನ್ನಿಗೆ ಬಡಿಯುತ್ತ ಓಡಿದೆ. ಬಸ್ಸಿನ ಬಾಗಿಲ ಕಂಬಿ ಕೈಗೆ ಸಿಕ್ಕಿತು, ಆಗಲೇ ಹಿಂದಿನಿಂದ ಕೇಳಿಸಿತು: "ಸ್ತೋತ್ರ ಯೇಸಪ್ಪಾ!" ನಳದ ಮುಂದಿನ ಅಷ್ಟೂ ಗಂಟಲು ಒಟ್ಟಿಗೆ, ಅರ್ಧ ನಗೆ, ಅರ್ಧ ನಿಜ.

"ಏನವಾ ಅದು ಗದ್ದಲ?" ಎಂದ ಕಂಡಕ್ಟರ್.

"ನಮ್ಮ ಕೊಡ ತುಂಬಿತ್ರಿ!" ಎಂದೆ.

ವಾಲ್ವಿನ ಹತ್ತಿರ ನಿಂತಿದ್ದ ಮಾವನೂ ಆ ಕೂಗು ಕೇಳಿದ್ದನಂತೆ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಸರ್ಟಿಫಿಕೇಟ್ ಸಿಕ್ಕ ದಿನ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ, ಸೀದಾ ಮಾವನ ಹತ್ತಿರ ಹೋದೆ. ವಾಲ್ವಿನ ಗುಂಡಿಯಿಂದ ಕೆಸರು ತೆಗೆಯುತ್ತಿದ್ದ.

"ಹಿಡಿ ಮಾವ."

ಕೈ ತೊಳೆದ, ಅಂಗಿಗೆ ಒರೆಸಿಕೊಂಡ. ಅದೂ ಸಾಲದೆಂದು ನನ್ನ ವೇಲಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಾಳಿಂದ ಬಸ್ ಹೋದ ಮ್ಯಾಲ ನೀರು ಬಿಡ್ತೀನಿ."

"ಈಗ್ಯಾಕೋ ಮಾವ? ನಂದು ಮುಗೀತಲ್ಲ!"

"ನಿನಗ ಯಾರು ಬಿಡ್ತಾರಲೇ? ನಿನ್ನ ಹಿಂದ ಕಾಲೇಜಿಗೆ ಹುಡುಗ್ಯಾರು ಹೊಂಟಾರಲ್ಲ, ಅವ್ರಿಗೆ. ಸ್ತೋತ್ರ ಅನ್ನು, ಮನಿಗೆ ನಡಿ."